ಸಾವಕಾರರ ಜಾಝ್ ಘರಾಣೆ

ನನ್ನನ್ನು ನೋಡಲು ಬಂದ ಗಂಡುಗಳಿಗೆ ನನ್ನ ತಂದೆ ಸಂಬಳ ಎಷ್ಟು, ಹೊಲ ಎಷ್ಟು ಎಂದು ಕೇಳುತ್ತಿರಲಿಲ್ಲ. ಜಾಝ್ ಕೇಳಿದ್ದೀರಾ ಎಂದು ಕೇಳುತ್ತಿದ್ದರು. ತೊಂಬತ್ತೆಂಟನೇ ಇಸವಿಯಲ್ಲಿ, ಹುಬ್ಬಳ್ಳಿಯ ಹತ್ತಿ ವ್ಯಾಪಾರಿಯ ಮನೆಗೆ ಹೆಣ್ಣು ನೋಡಲು ಬಂದವನು ಈ ಪ್ರಶ್ನೆಗೆ ತಯಾರಾಗಿ ಬರುವುದು ಹೇಗೆ? ಒಬ್ಬ ಅದು ಯಾವುದೋ ಹೊಸ ಮೋಟರ್‌ಸೈಕಲ್ಲು ಇರಬೇಕೆಂದುಕೊಂಡು "ಬುಕ್ ಮಾಡೇವ್ರಿ" ಅಂದ. ಇನ್ನೊಬ್ಬನ ತಾಯಿ, "ನಮ್ಮ ಹುಡುಗ ಅಂಥಾ ಚಟಾ ಒಂದೂ ಇಟಗೊಂಡಿಲ್ರಿ" ಎಂದು ಎದೆ ಮುಟ್ಟಿಕೊಂಡು ಹೇಳಿದಳು. ಇಬ್ಬರಿಗೂ ಅವಲಕ್ಕಿ, ಚಹಾ ಕೊಟ್ಟು ಕಳಿಸಿದೆವು.

ನಾನು ರಾಜೇಶ್ವರಿ. ಆಗ ವಿದ್ಯಾನಗರದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಗಣಿತ ಕಲಿಸುವವರಿಗೆ ತಾಳ್ಮೆ ಜಾಸ್ತಿ ಎಂದು ಜನ ತಿಳಿದಿದ್ದಾರೆ. ನನ್ನ ಮಟ್ಟಿಗೆ ಅದು ಸುಳ್ಳು. ಮದುವೆಗೆ ನನ್ನ ವಿರೋಧವೇನೂ ಇರಲಿಲ್ಲ, ಯಾರ ಜೊತೆ ಎಂಬುದೇ ಪ್ರಶ್ನೆ. ಅದನ್ನು ನಮ್ಮಪ್ಪನ ಟ್ರಂಕಿನೊಳಗಿನ ಹಳೇ ಗ್ರಾಮಫೋನ್ ಪ್ಲೇಟುಗಳು ತೀರ್ಮಾನಿಸುತ್ತವೆ ಎಂಬುದು ನನಗೆ ಸಿಟ್ಟು ತರಿಸುತ್ತಿತ್ತು.

ಅಪ್ಪನಿಗೆ ಈ ಹುಚ್ಚು ಹಿಡಿದದ್ದು ಧಾರವಾಡದಿಂದ. ಧಾರವಾಡದಲ್ಲಿ ಸಂಗೀತ ಕೇಳುವುದು ಹಾಡುವುದಕ್ಕಿಂತ ಕಷ್ಟದ ಕೆಲಸ. ಹಾಡುವವನು ತಪ್ಪಿದರೆ ಹೇಗೋ ನಡೆದೀತು, ಆದರೆ ಕೇಳುವವನು ಅಲ್ಲಾಡಿಸಬಾರದ ಜಾಗದಲ್ಲಿ ತಲೆ ಅಲ್ಲಾಡಿಸಿದರೆ ಅದನ್ನು ಮೂರು ತಲೆಮಾರು ನೆನಪಿಡುತ್ತಾರೆ. ನಮ್ಮಪ್ಪ ಶಾಂತಯ್ಯ ಸಾವಕಾರರು ಒಂದು ಸಲ ಅಲ್ಲಿನ ಬೈಠಕ್ಕಿಗೆ ಹೊಸ ರೇಶ್ಮಿ ರುಮಾಲು ಸುತ್ತಿಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕುಳಿತರು. ಗವಾಯಿಗಳು ಕಣ್ಣು ಮುಚ್ಚಿದರು, ತಂಬೂರಿ ಝೇಂ ಎಂದಿತು, ಅಪ್ಪ "ವಾಹ್! ಕ್ಯಾ ಬಾತ್!" ಎಂದು ತೊಡೆ ತಟ್ಟಿದರು. ಪಕ್ಕದಲ್ಲಿ ಕುಳಿತಿದ್ದ ಉಳವಪ್ಪ ಮಾಸ್ತರರು, ಧಾರವಾಡದಲ್ಲಿ ಯಾರು ರಸಿಕರು ಯಾರು ಅಲ್ಲ ಎಂದು ತೀರ್ಪು ಕೊಡುವ ನಿವೃತ್ತ ಸಂಗೀತ ಶಿಕ್ಷಕರು, ಬಹಳ ಮೃದುವಾಗಿ, ಎಲ್ಲರಿಗೂ ಕೇಳುವಂತೆ ಹೇಳಿದರು: "ಸಾವಕಾರ್ರ, ಇನ್ನೂ ತಂಬೂರಿ ಜೋಡಿಸ್ಯಾಕತ್ತಾರ್ರಿ. ಹಾಡು ಶುರು ಆದ ಮ್ಯಾಲೆ ನಾನ ಹೇಳ್ತೇನಿ."

ಆ ನಗೆ ಅಪ್ಪನ ಹಿಂದೆ ಹುಬ್ಬಳ್ಳಿಯ ತನಕ ಬಂತು. ಅಮರಗೋಳದ ಹತ್ತಿ ಮಾರ್ಕೆಟ್ಟಿನಲ್ಲೂ ಯಾರೋ "ಹಾಡು ಶುರು ಆತೇನ್ರಿ?" ಎಂದು ಕೇಳಿದರಂತೆ. ಅಪ್ಪ ಆಮೇಲೆ ಧಾರವಾಡಕ್ಕೆ ಕಾಲಿಡಲಿಲ್ಲ.

ಅದೇ ಸುಮಾರಿಗೆ ರೈಲ್ವೆ ಕಾಲನಿಯ ಆಂಗ್ಲೋ ಇಂಡಿಯನ್ ಡ್ರೈವರ್ ಒಬ್ಬ ನಿವೃತ್ತನಾಗಿ ಆಸ್ಟ್ರೇಲಿಯಾಕ್ಕೆ ಹೊರಟ. ಹೊರಡುವಾಗ ಒಂದು ಟ್ರಂಕು, ಅದರ ತುಂಬ ಪ್ಲೇಟು, ಒಂದು ರೆಕಾರ್ಡ್ ಪ್ಲೇಯರು ಮಾರಿದ. ಅಪ್ಪ ಕೊಂಡದ್ದು ಟ್ರಂಕಿನ ಸಲುವಾಗಿ. ಗಟ್ಟಿ ತಗಡಿನ ಟ್ರಂಕು. ಪ್ಲೇಟು ಹಾಕಿ ಕೇಳಿದರು, ಒಂದಕ್ಷರ ತಿಳಿಯಲಿಲ್ಲ. ಆಗ ಅವರಿಗೆ ಹೊಳೆದ ಸತ್ಯ ಇಷ್ಟೇ: ಇದು ಹುಬ್ಬಳ್ಳಿಯಲ್ಲಿ ಯಾರಿಗೂ ತಿಳಿಯುವುದಿಲ್ಲ, ಧಾರವಾಡದಲ್ಲಂತೂ ಮೊದಲೇ ಇಲ್ಲ. ಎಲ್ಲಿ ವಾಹ್ ಅಂದರೂ ಅದೇ ಸರಿಯಾದ ಜಾಗ. ಹೀಗೆ ನನ್ನ ತಂದೆ ಜಾಝ್ ಪಂಡಿತರಾದರು.

ಪಂಡಿತರೇನೋ ಆದರು, ಅವರಿಗೆ ಗೊತ್ತಿದ್ದ ಪಾಂಡಿತ್ಯದ ಮಾದರಿ ಮಾತ್ರ ಧಾರವಾಡದ್ದೊಂದೇ. ಆದ್ದರಿಂದ ಜಾಝಿಗೂ ಘರಾಣೆಗಳು ಹುಟ್ಟಿದವು. "ನ್ಯೂ ಆರ್ಲಿಯನ್ಸ್ ಅಂದ್ರ ಗ್ವಾಲಿಯರ್ ಇದ್ದಂಗ. ಅದು ಮೂಲ. ಶಿಕಾಗೋದವ್ರು ಅದರಿಂದ ಒಡದು ಹ್ವಾದವ್ರು" ಎಂದು ಹತ್ತಿಯ ದಲಾಲರಿಗೆ ವಿವರಿಸುತ್ತಿದ್ದರು. ಇಂಗ್ಲಿಷ್ ಹೆಸರುಗಳು ಬಾಯಲ್ಲಿ ಹೊರಳದ್ದರಿಂದ ಪ್ಲೇಟಿನ ಚಿತ್ರ ನೋಡಿ ತಾವೇ ನಾಮಕರಣ ಮಾಡಿದ್ದರು: ನೀಲಿ ಕೋಟು, ಉಬ್ಬುಗಲ್ಲದ ಅಜ್ಜ, ಕನ್ನಡಕ ಹಾಕಿದವನಾದರೆ ಚಾಳೀಸಿನ ಪಿಯಾನೋ. ಆ ಹೆಸರು ಹೇಳುವಾಗ ಕಿವಿ ಮುಟ್ಟಿಕೊಳ್ಳಬೇಕು, ಗುರುಗಳ ಹೆಸರು ಹೇಳುವಾಗ ಗವಾಯಿಗಳು ಮಾಡುತ್ತಾರಲ್ಲ, ಹಾಗೆ. ನಿಧಾನವಾಗಿ ನುಡಿಸಿದರೆ ವಿಲಂಬಿತ್, ವೇಗವಾಗಿ ನುಡಿಸಿದರೆ ದ್ರುತ್ ಎಂದೇ ಹೇಳಬೇಕು. ವೇಳೆಯ ಕಟ್ಟಳೆಯೂ ಇತ್ತು. ನೀಲಿ ಕೋಟನ್ನು ದೀಪ ಹಚ್ಚಿದ ಮೇಲೆಯೇ ಕೇಳಬೇಕು. ಉಬ್ಬುಗಲ್ಲದ ಅಜ್ಜ ಪ್ರಾತಃಕಾಲಕ್ಕೆ, ಅದೂ ಸ್ನಾನ, ಲಿಂಗಪೂಜೆ ಮುಗಿದಿರಬೇಕು. ಆ ಅಜ್ಜ ಜನ್ಮದಲ್ಲಿ ಮಧ್ಯಾಹ್ನದೊಳಗೆ ಹಾಸಿಗೆ ಬಿಟ್ಟು ಎದ್ದಿದ್ದನೋ ಇಲ್ಲವೋ, ದೇವರೇ ಬಲ್ಲ.

ಹೊಸದಾಗಿ ಕೇಳುವವರು ಕೇಳಲೇಬೇಕಾದ ಪ್ಲೇಟುಗಳಿಗೆ ಒಂದು ಕ್ರಮವಿತ್ತು. ಮೊದಲು ಅಜ್ಜ, ಆಮೇಲೆ ಚಾಳೀಸು, ಆಮೇಲೆ ಕೋಟು, ಹೀಗೆ ಏರುತ್ತ ಹೋಗಿ ಕೊನೆಗೆ ಸಿಗುವುದು ಜಪಾನ್ ಪ್ಲೇಟು. ಡ್ರೈವರನ ತಮ್ಮ ಹಡಗಿನಲ್ಲಿ ಕೆಲಸ ಮಾಡುವಾಗ ತಂದದ್ದಂತೆ. ಮೇಲೆ ಬರೀ ಜಪಾನಿ ಅಕ್ಷರ, ಆದರೂ ಜಾಝ್ ಅಂದಮೇಲೆ ಊದಿದವನು ಅಮೇರಿಕದವನೇ ಎಂದು ಅಪ್ಪನ ನಂಬಿಕೆ. ಊದಿದವನ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಹೀಗಾಗಿ ಅವನೇ ಎಲ್ಲರಿಗಿಂತ ದೊಡ್ಡವನು. ಸ್ಯಾಕ್ಸೊಫೋನು ತುಂಬು ಬಸುರಿಯ ಹಾಗೆ ನಿಂತು ನಿಂತು ನಡೆಯುತ್ತಿತ್ತು. ಪಿಯಾನೋದವನು ಒಂದು ಸ್ವರದ ಮನೆ ಒತ್ತಿದರೆ ಇನ್ನೊಂದು ಒತ್ತಲು ನೆಂಟರ ಒಪ್ಪಿಗೆ ಬೇಕೇನೋ ಎನಿಸುತ್ತಿತ್ತು. "ಇದು ಖರೇ ವಿಲಂಬಿತ್. ಅಮೇರಿಕಾದಾಗ ಹಿಂಗ ಬಾರಸಾವ ಇವ ಒಬ್ಬನ" ಎಂದು ಅಪ್ಪ ಕಣ್ಣು ಒರೆಸಿಕೊಳ್ಳುತ್ತಿದ್ದರು. ಕೊನೆಗೆ ಒಬ್ಬ ಮನುಷ್ಯ ಏನೋ ಹೇಳುತ್ತಾನೆ, ಬಾಯಲ್ಲಿ ಬಿಸಿ ಬಟಾಟೆ ಇಟ್ಟುಕೊಂಡಂಥ ದನಿ. ಆಮೇಲೆ ಜನ ಚಪ್ಪಾಳೆ ತಟ್ಟುತ್ತಾರೆ, ಒಂದೊಂದಾಗಿ, ಒದ್ದೆ ಅರಿವೆ ಒಗೆದ ಹಾಗೆ. ಅದು ಆ ಜನರ ಗಾಂಭೀರ್ಯ ಎಂದು ಅಪ್ಪ ಹೇಳುತ್ತಿದ್ದರು.

ಒಂದು ಸಲ ಅಪ್ಪ ವ್ಯಾಪಾರಕ್ಕೆಂದು ಗುಂಟೂರಿಗೆ ಹೋಗಿದ್ದಾಗ ಪ್ಲೇಟುಗಳ ಧೂಳು ಒರೆಸುತ್ತ ಕುಳಿತಿದ್ದೆ. ಜಪಾನ್ ಪ್ಲೇಟಿನ ನಡುವಿನ ಚೀಟಿಯ ಮೇಲೆ ಆ ಲಿಪಿಯ ನಡುವೆ ನನಗೆ ಓದಲು ಬರುವಂಥದ್ದು ಒಂದೇ ಇತ್ತು: ನಲವತ್ತೈದು ಎಂಬ ಅಂಕಿ. ಸಿನಿಮಾ ಹಾಡಿನ ಸಣ್ಣ ಪ್ಲೇಟಾದರೆ ನಿಮಿಷಕ್ಕೆ ನಲವತ್ತೈದು ಸುತ್ತಿನ ವೇಗ, ದೊಡ್ಡದಾದರೆ ಮೂವತ್ತಮೂರು. ಇದು ಹುಬ್ಬಳ್ಳಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಲೆಕ್ಕ. ಇದು ದೊಡ್ಡ ಪ್ಲೇಟು. ಅಪ್ಪ ವೇಗದ ಗುಂಡಿಯನ್ನು ಮೂವತ್ತಮೂರಕ್ಕೆ ಇಟ್ಟಿದ್ದರು, ಇಷ್ಟು ವರ್ಷ ಅಲ್ಲೇ ಇತ್ತು. ನಾನು ನಲವತ್ತೈದಕ್ಕೆ ತಿರುಗಿಸಿದೆ.

ಮೊದಲು ಬಿದ್ದು ಬಿದ್ದು ನಕ್ಕೆ. ಆಮೇಲೆ ನಗು ನಿಂತಿತು. ಏಕೆಂದರೆ ಅದು ಬಹಳ ಚೆಂದವಿತ್ತು. ಆ ಸ್ಯಾಕ್ಸೊಫೋನಿನವನು ಅಳುತ್ತಿರಲಿಲ್ಲ, ಚೇಷ್ಟೆ ಮಾಡುತ್ತಿದ್ದ. ಪಿಯಾನೋದವನು ಅವನ ಮಾತಿಗೆ ಅಲ್ಲಲ್ಲೇ ಎದುರುತ್ತರ ಕೊಡುತ್ತಿದ್ದ. ಕೊನೆಯಲ್ಲಿ ಮಾತಾಡುವವನು ಚುರುಕಾದ ಹುಡುಗ, ಚಪ್ಪಾಳೆಯೋ ಮಳೆ ಸುರಿದಂತೆ. ನಾನು ಎದ್ದು ಕುಣಿದೆನೆಂದು ಹೇಳಲು ನನಗೇನೂ ನಾಚಿಕೆಯಿಲ್ಲ. ಅವ್ವ ಅಡುಗೆಮನೆಯಿಂದ ಬಂದು ನೋಡಿದಳು. ಹೇಳಿದೆ. ಅವಳು ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಇದು ಛಲೋ ಐತವಾ" ಎಂದಳು. ಆಮೇಲೆ, "ನಿಮ್ಮಪ್ಪಗ ಹೇಳಬ್ಯಾಡ. ಯಾರೂ ನಗದಂಥಾದ್ದು ಅವರಿಗೆ ಇದೊಂದ ಸಿಕ್ಕೈತಿ" ಎಂದು ತಾನೇ ಗುಂಡಿಯನ್ನು ಹಿಂದಕ್ಕೆ ತಿರುಗಿಸಿದಳು. ಅವ್ವನ ಹೆಸರು ಶರಣವ್ವ. ಅವಳು ಮದುವೆಯಾಗಿ ಬಂದಾಗಿನಿಂದ ಎಷ್ಟು ಗುಂಡಿಗಳನ್ನು ಹೀಗೆ ಹಿಂದಕ್ಕೆ ತಿರುಗಿಸಿದ್ದಳೋ ಯಾರಿಗೆ ಗೊತ್ತು.

ಇಂಥ ಮನೆಗೆ ಶಿವಯೋಗೀಶ ಬಂದ. ಉಣಕಲ್ಲಿನವನು, ತಾರಿಹಾಳದಲ್ಲಿ ಪಂಪಿನ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆ ಇಟ್ಟಿದ್ದ. ಅಪ್ಪ ಎಂದಿನ ಪ್ರಶ್ನೆ ಕೇಳಿದರು. ಅವನು, "ಖರೇ ಹೇಳಬೇಕಂದ್ರ ಇಲ್ರಿ. ಕಾರ್ಖಾನ್ಯಾಗ ಲೇಥ್ ಸಪ್ಪಳ ಬಿಟ್ರ ನನ್ನ ಕಿವಿಗೆ ಬ್ಯಾರೆ ಏನೂ ಬೀಳಂಗಿಲ್ಲ" ಎಂದ. ಅಪ್ಪನಿಗೆ ಖುಷಿಯಾಯಿತು. ಯಾರೂ ಕೈಯಾಡಿಸದ ಮಾಲು ಸಿಕ್ಕಿತು ಎಂಬ ಖುಷಿ. ಉಬ್ಬುಗಲ್ಲದ ಅಜ್ಜನನ್ನು ಕ್ಯಾಸೆಟ್ಟಿಗೆ ಇಳಿಸಿ ಕೊಟ್ಟು, "ಮುಂದಿನ ರವಿವಾರ ಬಂದು ಏನ ಅನಸ್ತು ಹೇಳ್ರಿ" ಎಂದರು. ಎಲ್ಲ ಪ್ಲೇಟೂ ಪಾಸಾದರೆ ಹೆಣ್ಣು ಕೊಡುವುದೆಂದು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಎರಡೂ ಮನೆಯವರಿಗೆ ಅದು ಗೊತ್ತಿತ್ತು.

ಮುಂದಿನ ರವಿವಾರ ಅವನು ಬಂದು ಕ್ಯಾಸೆಟ್ಟು ಮುಂದಿಟ್ಟು, "ಏನ ಹೇಳ್ಲಿರಿ, ಚಮಚಾ ತುಂಬಿದ ಡಬ್ಬಿ ಅಟ್ಟದ ಪಾವಟಿಗಿ ಮ್ಯಾಲಿಂದ ಉಳ್ಳಿದಂಗಾತ್ರಿ" ಎಂದ. ನಾನು ಬಾಗಿಲ ಹಿಂದೆ ನಿಂತವಳು ಜೋರಾಗಿ ನಕ್ಕುಬಿಟ್ಟೆ. ಅವನೂ ನಕ್ಕ. ಆ ನಗು ನನಗೆ ಹಿಡಿಸಿತು. ಇವನಾದರೆ ಆದೀತು ಎಂದು ಅವತ್ತೇ ಮನಸ್ಸಿನಲ್ಲಿ ಅಂದುಕೊಂಡೆ. ಅಪ್ಪ ನಗಲಿಲ್ಲ. ಅದೇ ಕ್ಯಾಸೆಟ್ಟನ್ನು ಮತ್ತೆ ಅವನ ಕೈಗಿಟ್ಟು, "ಸ್ನಾನಾ ಮಾಡಿ ಕೇಳಿದ್ರೇನು?" ಎಂದರು.

ಹುಡುಗ ಜಾಣ. ಅದೇ ಮುಳುವಾಯಿತು. ಮರುವಾರ "ಸ್ನಾನಾ ಮಾಡಿ ಕೇಳಿದ್ರ ಬ್ಯಾರೇನ ಐತ್ರಿ" ಎಂದ. ಅದರ ಮುಂದಿನ ವಾರ ಚಾಳೀಸಿನ ಪಿಯಾನೋದವನಲ್ಲಿ ಸಂಯಮ ಕಂಡ. ನೀಲಿ ಕೋಟಿಗೆ ಬರುವ ಹೊತ್ತಿಗೆ ಅವನು ಕಣ್ಣು ಮುಚ್ಚುವುದನ್ನು ಕಲಿತಿದ್ದ, ಕಿವಿ ಮುಟ್ಟಿಕೊಳ್ಳುವುದನ್ನೂ ಕಲಿತಿದ್ದ, ಮಾತಿನ ನಡುವೆ ಸುಮ್ಮನೆ ನಿಟ್ಟುಸಿರು ಬಿಡುವುದನ್ನು ಅಪ್ಪನಿಗಿಂತ ಚೆನ್ನಾಗಿ ಕಲಿತಿದ್ದ. ತಾರಿಹಾಳದ ತನ್ನ ಕೆಲಸಗಾರರಿಗೂ ಕೇಳಲೇಬೇಕಾದ ಪ್ಲೇಟುಗಳ ಬಗ್ಗೆ ಉಪದೇಶ ಮಾಡುತ್ತಾನೆಂದು ಸುದ್ದಿ ಬಂತು. ನಾನು ಮಾತ್ರ ಆ ಮೊದಲ ನಗುವಿಗೇ ಜೋತುಬಿದ್ದಿದ್ದೆ. ನನ್ನ ಸಲುವಾಗಿ ನಾಟಕ ಮಾಡುತ್ತಾನೆ, ಪಾಪ, ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಹೆಣ್ಣುಮಕ್ಕಳು ಇಂಥ ಸಮಾಧಾನ ಹೇಳಿಕೊಳ್ಳುವುದರಲ್ಲಿ ಬಹಳ ನಿಪುಣರು.

ಕೊನೆಗೆ ಉಳಿದದ್ದು ಜಪಾನ್ ಪ್ಲೇಟು. ಅದನ್ನು ಅಪ್ಪ ಕ್ಯಾಸೆಟ್ಟಿಗೆ ಇಳಿಸುತ್ತಿರಲಿಲ್ಲ, ಮನೆಗೇ ಬಂದು ಕೇಳಬೇಕು. ಒಂದು ಸಂಜೆ ಅಪ್ಪ ಅಂಗಡಿಯಿಂದ ಬರುವುದು ತಡವಾಯಿತು, ಶಿವಯೋಗೀಶ ಬಂದು ಕುಳಿತಿದ್ದ. ಅವ್ವ ಕಾವಲಿಗೆಂದು ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕುಳಿತಳು. ನಾನು ಪ್ಲೇಟನ್ನು ಮೊದಲು ಅಪ್ಪನ ವೇಗದಲ್ಲಿ ಹಾಕಿದೆ. ಆಮೇಲೆ ಚೀಟಿಯ ಮೇಲಿನ ಅಂಕಿ ತೋರಿಸಿ, ಅದರ ಸ್ವಂತ ವೇಗದಲ್ಲಿ ಹಾಕಿದೆ. ಅವನ ಪಾದ ತಾನಾಗಿ ತಾಳ ಹಾಕಿತು. ನಾನು ನೋಡಿದೆ, ಇದು ನನ್ನ ಕಲ್ಪನೆಯಲ್ಲ.

"ನಿಮಗ ಯಾವದು ಸೇರ್ತು?" ಎಂದು ಕೇಳಿದೆ.

ಅವನು ಕಾಲಿನ ತಾಳ ನಿಲ್ಲಿಸಿ, "ನಿಮ್ಮ ಅಪ್ಪಾರಿಗೆ ಯಾವದು ಸೇರತೈತ್ರಿ?" ಎಂದ.

ಅದು ನನಗೆ ಬೇಕಿದ್ದ ಉತ್ತರವಲ್ಲ. ಆದರೂ ಬಿಡಲಿಲ್ಲ. "ಅಪ್ಪಾಜಿಗೆ ಇದು ಗೊತ್ತಿಲ್ರಿ. ಗೊತ್ತಾಗೋದೂ ಬ್ಯಾಡ. ನೀವು ಏನೂ ಹೇಳೂದು ಬ್ಯಾಡ್ರಿ. ಮುಂದ ನಮ್ಮ ಮನ್ಯಾಗ ಧಾರವಾಡದವ್ರ ಬೈಠಕ್ಕ ಐತಲ್ರಿ, ಅಲ್ಲಿ ನಿಮ್ಮನ್ನ ಕೇಳಿದ್ರ ಬರೇ ಸುಮ್ಮನ ಕುಂದರ್ರಿ. ಹೊಗಳಬ್ಯಾಡ್ರಿ, ಅಷ್ಟ ಸಾಕು" ಎಂದೆ. "ಆತ್ರಿ" ಎಂದ. ನನಗೆ ಬೇಕಿದ್ದದ್ದು ಅಷ್ಟೇ ಇತ್ತು: ಗೊತ್ತಿದ್ದೂ ಸುಳ್ಳು ಹೇಳದೆ ಬಾಯಿ ಮುಚ್ಚಿಕೊಂಡು ಕೂರುವ ಒಬ್ಬ ಗಂಡಸು. ಬಹಳ ದೊಡ್ಡ ಆಸೆಯೇನಲ್ಲ.

ಬೈಠಕ್ಕು ಅಪ್ಪನ ಬಹುಕಾಲದ ಕನಸು. ಉಳವಪ್ಪ ಮಾಸ್ತರರನ್ನೂ ಅವರ ಸಂಗಡಿಗರನ್ನೂ ಹುಬ್ಬಳ್ಳಿಗೆ ಕರೆಸಿ ಜಪಾನ್ ಪ್ಲೇಟು ಕೇಳಿಸುವುದು, ಅವತ್ತೇ ನನ್ನ ಸಂಬಂಧವನ್ನೂ ಸಾರುವುದು. ಧಾರವಾಡದವರು ಸಂಗೀತ ಕೇಳಲು ಹುಬ್ಬಳ್ಳಿಗೆ ಬರುವ ಪೈಕಿ ಅಲ್ಲ. ಆದರೆ ಅವರ ಸಭಾಗೃಹಕ್ಕೆ ಹೊಸ ಜಮಖಾನೆ ಬೇಕಾಗಿತ್ತು, ಅಪ್ಪ ಕೊಡುತ್ತೇನೆಂದಿದ್ದರು. ಬಂದರು. ಗಾದಿ, ಲೋಡು, ಎಲೆ ಅಡಿಕೆಯ ತಟ್ಟೆ, ಊದಿನಕಡ್ಡಿ. ರೆಕಾರ್ಡ್ ಪ್ಲೇಯರನ್ನು ಚೌರಂಗದ ಮೇಲಿಟ್ಟು ಅದಕ್ಕೊಂದು ಮಲ್ಲಿಗೆ ಮಾಲೆ ಬೇರೆ. ಸತ್ಕಾರ ಮಾಡುತ್ತಾರೋ ಉತ್ತರಕ್ರಿಯೆ ಮಾಡುತ್ತಾರೋ ತಿಳಿಯದಂತಿತ್ತು.

ಅಪ್ಪ ಕಿವಿ ಮುಟ್ಟಿಕೊಂಡು ಮುಳ್ಳು ಇಳಿಸಿದರು. ಸ್ಯಾಕ್ಸೊಫೋನು ನರಳತೊಡಗಿತು. ಧಾರವಾಡದವರು ಮೊದಲು ಮುಖ ಮುಖ ನೋಡಿಕೊಂಡರು. ಆಮೇಲೆ ಉಳವಪ್ಪ ಮಾಸ್ತರರು ಕಣ್ಣು ಮುಚ್ಚಿದರು. ಅವರು ಮುಚ್ಚಿದ ಮೇಲೆ ಎಲ್ಲರೂ ಮುಚ್ಚಿದರು. ಸ್ವಲ್ಪ ಹೊತ್ತಿಗೆ ಮಾಸ್ತರರ ಬಾಯಿಂದ "ಆಹಾ, ಏನ ಸಾವಕಾಶ!" ಎಂದು ಬಂತು. ಅಪ್ಪನ ಮುಖ ನೋಡಬೇಕಿತ್ತು. ಅಷ್ಟು ವರ್ಷದ ಅವಮಾನ ಒಂದೇ ಮಾತಿಗೆ ಕರಗಿತ್ತು. ಅವರನ್ನು ನೋಡಿ ನನಗೆ ನಿಜವಾಗಿಯೂ ಸಂತೋಷವಾಯಿತು. ಅಲ್ಲಿಗೇ ಮುಗಿದಿದ್ದರೆ ನಾನು ಸುಮ್ಮನೆ ಚಹಾ ಕೊಟ್ಟು ಒಳಗೆ ಹೋಗುತ್ತಿದ್ದೆ.

ಅಪ್ಪ ಪ್ಲೇಟು ನಿಲ್ಲಿಸಿ, "ನಮ್ಮ ಹುಡುಗ ಈ ಬಗ್ಗೆ ಎರಡ ಮಾತ ಹೇಳ್ತಾನ್ರಿ" ಎಂದರು. ಶಿವಯೋಗೀಶ ಕೈ ಮುಗಿದು ಶುರು ಮಾಡಿದ. ಈ ಮಹಾನುಭಾವ ಸ್ವರವನ್ನು ಬಾರಿಸುವುದಿಲ್ಲ, ಸ್ವರಕ್ಕಾಗಿ ಕಾಯುತ್ತಾನೆ ಅಂದ. ಎರಡು ಸ್ವರಗಳ ನಡುವಿನ ಮೌನದಲ್ಲಿ ಬಯಲು ಕಾಣುತ್ತದೆ, ಶರಣರು ಹೇಳಿದ ಬಯಲು ಇದೇ ಅಂದ. ವೇಗ ಎಂಬುದು ಮನಸ್ಸಿನ ಚಂಚಲತೆ, ಇವನು ವೇಗವನ್ನು ಗೆದ್ದವನು ಅಂದ. ಹೇಳುವಾಗ ನನ್ನ ಕಡೆ ಒಂದು ಸಲ ನೋಡಿದ. ಕಣ್ಣಲ್ಲಿ ನಾಚಿಕೆ ಇರಲಿಲ್ಲ. ಹೇಗಿದೆ ನನ್ನ ಭಾಷಣ ಎಂಬ ಹೆಮ್ಮೆ ಇತ್ತು.

ನಾನು ಚಹಾದ ತಾಟನ್ನು ನೆಲದ ಮೇಲೆ ಇಟ್ಟು, ಗಾದಿ ದಾಟಿ ಹೋಗಿ, ಗುಂಡಿ ತಿರುಗಿಸಿ ಮುಳ್ಳು ಇಳಿಸಿದೆ.

ಕೋಣೆಯೊಳಗೆ ಆ ಸ್ಯಾಕ್ಸೊಫೋನಿನವನು ಎದ್ದು ಜಿಗಿದ. ಎಲ್ಲರ ಕಣ್ಣು ತೆರೆದವು. ಅಪ್ಪ ಮೊದಲು ಪ್ಲೇಟು ನೋಡಿದರು, ಆಮೇಲೆ ಗುಂಡಿ ನೋಡಿದರು, ಆಮೇಲೆ ನನ್ನನ್ನು. ಅವರಿಗೆ ತಿಳಿಯಿತು. ಪೂರ್ತಿ ತಿಳಿಯಿತು. ಮುಖದ ರಕ್ತ ಇಳಿದುಹೋದದ್ದು ನನಗೆ ಕಂಡಿತು, ಅಯ್ಯೋ ಏನು ಮಾಡಿಬಿಟ್ಟೆ ಎಂದುಕೊಂಡೆ. ಸಿಟ್ಟು ಅವನ ಮೇಲೆ, ಪೆಟ್ಟು ಬಿದ್ದದ್ದು ಅಪ್ಪನಿಗೆ. ಉಳವಪ್ಪ ಮಾಸ್ತರರು ಅಪ್ಪನ ಕಡೆ ತಿರುಗಿ, "ಸಾವಕಾರ್ರ, ಇದೇನ್ರಿ ಇದು?" ಎಂದರು.

ನಮ್ಮಪ್ಪ ವ್ಯಾಪಾರಸ್ಥರು. ರುಮಾಲು ಸರಿಮಾಡಿಕೊಂಡು, "ದ್ರುತ್ ರಿ" ಎಂದರು.

ಮಾಸ್ತರರು ತೊಡೆಯ ಮೇಲೆ ತಾಳ ಹಾಕಿ ನೋಡಿದರು. "ಅಲಾ! ಅದ ಚೀಜ಼್, ಅದ ಹಾಡು! ಮದಲ ವಿಲಂಬಿತ್, ಆಮ್ಯಾಲೆ ದ್ರುತ್. ಒಂದ ಪ್ಲೇಟಿನಾಗ ಪೂರಾ ಖ್ಯಾಲ್ ಇಟ್ಟಾನಲ್ರೀ!" ಎಂದರು. ಧಾರವಾಡಕ್ಕೆ ಧಾರವಾಡವೇ ವಾಹ್ ಅಂದಿತು. ಅಮೇರಿಕದವರು ನಮ್ಮ ಪದ್ಧತಿಯನ್ನು ಎಲ್ಲಿ ಕದ್ದರು ಎಂಬ ಚರ್ಚೆ ಶುರುವಾಯಿತು. ಗುಂಡಿಯ ಕಡೆ ಯಾರೂ ನೋಡಲಿಲ್ಲ. ಅಷ್ಟು ಕಿವಿಗಳಿದ್ದ ಕೋಣೆಯಲ್ಲಿ ಕಣ್ಣಿದ್ದವರು ನಮ್ಮ ಮನೆಯವರಷ್ಟೇ. ಶಿವಯೋಗೀಶನೂ ತೊಡೆ ತಟ್ಟುತ್ತ ಮುಂದೆ ಬಾಗಿ, "ನಾನೂ ಈಗ ದ್ರುತ್ ಬಗ್ಗೆನ ಹೇಳಾಂವ ಇದ್ದೆರಿ, ಮಾವಾರು ಮದಲ ಹೇಳಿಬಿಟ್ರು" ಎಂದ. ಸಂಬಂಧ ಇನ್ನೂ ಸಾರಿರಲಿಲ್ಲ, ಆಗಲೇ ಮಾವಾರು.

ಅಪ್ಪ ಅವತ್ತು ಸಂಬಂಧ ಸಾರಲಿಲ್ಲ. ಧಾರವಾಡದವರು ಹೊತ್ತು ಮುಳುಗುವ ಮುಂಚೆ ಬಸ್ಸು ಹಿಡಿಯಬೇಕೆಂದು ಎದ್ದರು, ಮುಂದಿನ ಸಲ ನಮ್ಮಲ್ಲಿಗೆ ಬಂದು ಇದನ್ನು ಕೇಳಿಸಬೇಕೆಂದು ಅಪ್ಪನ ಕೈ ಹಿಡಿದು ಹೇಳಿದರು, ಜಮಖಾನೆಯನ್ನೂ ನೆನಪು ಮಾಡಿದರು. ಶಿವಯೋಗೀಶ ಅಪ್ಪನ ಕಾಲು ಮುಟ್ಟಿ ನಮಸ್ಕರಿಸಿ ಹೋದ.

ಎಲ್ಲರೂ ಹೋದ ಮೇಲೆ ಅಪ್ಪ ಚೌರಂಗದ ಮುಂದೆ ಕುಳಿತು ಚೀಟಿಯ ಮೇಲಿನ ಅಂಕಿಯನ್ನು ಬಹಳ ಹೊತ್ತು ನೋಡಿದರು. ನಾನು ತಪ್ಪಾಯಿತೆಂದು ಹೇಳಲು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು.

"ನಿಮ್ಮವ್ವಗ ಗೊತ್ತಿತ್ತೇನು?"

"ಗೊತ್ತಿತ್ರಿ, ಅಪ್ಪಾಜಿ."

"ಆ ಹುಡುಗಗ?"

"ಅವಂಗೂ ಎರಡೂ ಕೇಳಿಸಿದ್ದೆರಿ. ಹೊಗಳಬ್ಯಾಡ್ರಿ, ಸುಮ್ಮನ ಕುಂದರ್ರಿ ಅಂದಿದ್ದೆ."

ಅಪ್ಪ ಪ್ಲೇಟನ್ನು ಕವರಿನೊಳಗೆ ಸೇರಿಸಿದರು. "ನಾಳೆ ಉಣಕಲ್ಲಿಗೆ ಹೇಳಿ ಕಳಸ್ತೇನಿ. ಈ ಸಂಬಂಧ ಬ್ಯಾಡ" ಎಂದರು.

ಬೇಕಾದದ್ದೇ ಆಗಿತ್ತಲ್ಲ, ಆದರೂ ನನಗೆ ಸಮಾಧಾನವಾಗಲಿಲ್ಲ. ಅವನನ್ನು ನಾನು ಇಷ್ಟಪಟ್ಟಿದ್ದೆ, ಈಗಲೂ ಪಡುತ್ತಿದ್ದೆ. "ನಿಮ್ಮ ಮರ್ಯಾದಿ ಉಳಸಾಕ ಮಾತಾಡಿರಬೇಕ್ರಿ ಅವರು" ಎಂದು ಅವನ ಪರ ವಹಿಸಿದೆ. ಹೇಳುತ್ತಿದ್ದಂತೆ ಕಣ್ಣಲ್ಲಿ ನೀರು ಬಂತು.

"ಮರ್ಯಾದಿ ಉಳಸಾವ್ರು ಸುಮ್ಮನ ಇರ್ತಾರ. ನಿಮ್ಮವ್ವ ಇದ್ದಾಳ ನೋಡು, ಹಂಗ" ಎಂದರು ಅಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ. "ನಾ ತಿಳೀದ ಹಾದಿ ತಪ್ಪಿದ್ದೆ. ಇವ ತಿಳದು ತಿಳದು ನನ್ನ ಕೈ ಹಿಡದು ಇನ್ನಷ್ಟು ದೂರ ಕರಕೊಂಡು ಹ್ವಾದ. ಇಂಥಾವ ಮನಿಗೆ ಬಂದ್ರ ನೀ ಏನ ಮಾಡಿದ್ರೂ ವಾಹ್ ಅಂತಾನವಾ. ಈಗ ಅಳಾಕತ್ತೀಯಲ್ಲ, ಇದಕ್ಕೂ ಅಂತಾನ."